ಕಣ್ಣು ಮುಚ್ಚಿ ಆಡುವ ಜಗಳ

ಆ ಮನೆಯ ಗಂಡ ಹೆಂಡತಿ ಜಗಳವಾಡಿದ್ದನ್ನು ಯಾರೂ ಕೇಳಿಲ್ಲ. ಎದುರು ಬಾಗಿಲಿನ ಕನ್ನಡಕದ ಅಂಗಡಿಯವರು ಬೇಕಾದರೆ ಇದನ್ನು ಬರೆದುಕೊಡುತ್ತಾರೆ. ಹಾಗಂತ ಜಗಳ ಇಲ್ಲವೆಂದಲ್ಲ. ಅದು ಸಂಜೆ ಏಳೂವರೆಗೆ ಊಟದ ಮೇಜಿನ ಸುತ್ತ ಶುರುವಾಗುತ್ತದೆ, ಮನೆಯ ನಾಲ್ಕೂ ಜನ ಕೈ ಜೋಡಿಸಿ, ಕಣ್ಣು ಮುಚ್ಚಿ, ತಲೆ ಬಗ್ಗಿಸಿದ ಮೇಲೆ. ಗೋಡೆಯಾಚೆಯವರ ಕಿವಿಗೆ ಅದು ಪ್ರಾರ್ಥನೆ.

ಯಜಮಾನರು ಲಿಫ್ಟ್ ರಿಪೇರಿಯವರು. ಸುತ್ತಲಿನ ನಾಲ್ಕು ಬೀದಿಗಳ ಐವತ್ತೇಳು ಲಿಫ್ಟುಗಳು ಅವರ ಸುಪರ್ದಿನಲ್ಲಿವೆ. ಜನ ಲಿಫ್ಟಣ್ಣ ಎಂದು ಕರೆಯುತ್ತಾರೆ. ಯಾವ ಕಟ್ಟಡ ಕೇಳಿದರೂ ಅದರ ಲಿಫ್ಟಿನ ಗುಣ ಸ್ವಭಾವ ಹೇಳಬಲ್ಲರು. ಬ್ಯಾಂಕಿನದು ಮುಂಗೋಪಿ. ಆಸ್ಪತ್ರೆಯದು ಸಾಧು. ವಕೀಲರ ಕಟ್ಟಡದ್ದು ಮೂರನೇ ಮಹಡಿಯಲ್ಲಿ ತಾನಾಗಿ ಬಾಗಿಲು ತೆರೆದು, ಯಾರೂ ಬರದಿದ್ದರೂ ವಾಯಿದೆ ಕೊಟ್ಟಂತೆ ಎರಡು ನಿಮಿಷ ಕಾಯುತ್ತದೆ.

ಹೆಂಡತಿ ಟೈಲರ್. ಐದನೇ ಮಹಡಿಯ ಆ ಎರಡು ಕೋಣೆಯ ಮನೆಯಲ್ಲಿ ಬಿಸಿಲು ಬರುವ ಕಿಟಕಿ ಒಂದೇ. ಅದರ ಮುಂದೆ ಅವರ ಹೊಲಿಗೆ ಯಂತ್ರ. ಅದರ ಪಕ್ಕದಲ್ಲಿ ಅವರ ತಾಯಿಯ ಕುರ್ಚಿ. ಎಂಟು ವರ್ಷದ ಮಗಳಿಗೆ ಉಳಿದಿರುವುದು ಮೇಜಿಗೂ ಮಂಚಕ್ಕೂ ನಡುವಿನ ಜಾಗ, ನಾಲ್ಕು ಹೆಜ್ಜೆ ಉದ್ದ. ಟೈಲರಮ್ಮನ ಚಿಂತೆ ಹುಟ್ಟಿದ್ದು ಕಸುಬಿನಿಂದಲೇ. ಗಿರಾಕಿಗಳೆಲ್ಲ ಮಕ್ಕಳ ಹರಿದ ಪ್ಯಾಂಟುಗಳನ್ನು ತಂದು ರಾಶಿ ಹಾಕುತ್ತಾರೆ. ತಮ್ಮ ಮಗಳ ಪ್ಯಾಂಟು ಮಾತ್ರ ಗಿಡ್ಡವಾಗುತ್ತದೆಯೇ ಹೊರತು ಹರಿಯುವುದಿಲ್ಲ.

"ಎಂಟು ವರ್ಷದ ಮಗು ಪ್ಯಾಂಟು ಮೊಣಕಾಲಲ್ಲಿ ಹರೀಲಿಲ್ಲ ಅಂದ್ರೆ ಅದು ಮಗು ಅಲ್ಲ ಕಣಮ್ಮ, ಹ್ಯಾಂಗರು," ಎಂದು ಅವರು ತಾಯಿಯ ಬಳಿ ಹೇಳಿದ್ದರು.

ಹೀಗಿರುವಾಗ ಪರದೆ ಹೊಲಿಸಲು ಬಂದ ಗಿರಾಕಿಯೊಬ್ಬರು ನಗರದ ಹೊರಗಿನ ಬಡಾವಣೆಯ ಸುದ್ದಿ ತಂದರು. ರೈಲಿನಲ್ಲಿ ಒಂದು ಗಂಟೆ ಹತ್ತು ನಿಮಿಷ. ಅಲ್ಲಿ ಮಹಡಿ ಇರುವ ಒಂದು ಮನೆ ಖಾಲಿಯಾಗುತ್ತಿದೆ. ಮುಂದೆ ಹುಲ್ಲಿನ ಅಂಗಳ, ಹಿಂದೆ ಮರ, ಐದು ನಿಮಿಷದ ನಡಿಗೆಯಲ್ಲಿ ಕ್ರೈಸ್ತ ದೇವಾಲಯ. ಮನೆಯ ಮಾಲೀಕರು ಆ ಸಭೆಯ ಹಿರಿಯರೇ, ನಿವೃತ್ತ ಹೆಡ್ ಮಾಸ್ತರರು. ಬೇರೆ ಕುಟುಂಬವೂ ಕೇಳುತ್ತಿದೆ, ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ಹೌದೋ ಅಲ್ಲವೋ ಹೇಳಿಬಿಡಿ ಎಂದು ಅವರು ತಿಳಿಸಿದ್ದರು.

ಆ ವಾರ ಆ ಮನೆಯಲ್ಲಿ ಯಾರೂ ಬಿಸಿ ಊಟ ಮಾಡಲಿಲ್ಲ.

ಕಾರಣ ಟೈಲರಮ್ಮನ ತಾಯಿ, ಅಂದರೆ ಲಿಫ್ಟಣ್ಣನ ಅತ್ತೆಯವರು, ಮದುವೆಯ ಹೊಸದರಲ್ಲಿ ಹಾಕಿದ್ದ ಒಂದು ನಿಯಮ: ಒಬ್ಬರು ಪ್ರಾರ್ಥನೆ ಮಾಡುವಾಗ ಇನ್ನೊಬ್ಬರು ಬಾಯಿ ಹಾಕಬಾರದು. ಭಕ್ತಿಗೆಂದು ಹಾಕಿದ ನಿಯಮ. ಆದರೆ ಆ ಮನೆಯಲ್ಲಿ ಒಂದು ಮಾತನ್ನು ತುದಿ ಮುಟ್ಟಿಸಲು ಇರುವ ಜಾಗವೂ ಅದೊಂದೇ ಆಗಿಹೋಯಿತು.

ಸೋಮವಾರ ಟೈಲರಮ್ಮ ಶುರು ಮಾಡಿದರು. "ಪರಲೋಕದ ತಂದೆಯೇ, ಈ ಊಟಕ್ಕಾಗಿ ನಿನಗೆ ಸ್ತೋತ್ರ. ಆಕಾಶದ ಹಕ್ಕಿಗೂ ರೆಕ್ಕೆ ಬಡಿಯೋಕೆ ಗೂಡಿನ ಹೊರಗೆ ಒಂದಿಷ್ಟು ಜಾಗ ಕೊಟ್ಟಿದ್ದೀಯ. ಇದನ್ನ ಅರ್ಥ ಮಾಡಿಕೊಳ್ಳುವ ಹೃದಯವನ್ನ ಈ ಮೇಜಿನ ಸುತ್ತ ಇರುವ ಎಲ್ಲರಿಗೂ ದಯಪಾಲಿಸು."

ಎಲ್ಲರಿಗೂ ಎಂದರೆ ಯಾರಿಗೆ ಎಂಬುದನ್ನು ಮೇಜಿನಡಿ ಒಂದು ಕಾಲು ಇನ್ನೊಂದು ಕಾಲಿಗೆ ತಟ್ಟಿ ತಿಳಿಸಿತು.

"ಹೌದು ಕರ್ತನೇ," ಎಂದು ಲಿಫ್ಟಣ್ಣ ಮುಂದುವರಿಸಿದರು. "ನಿನ್ನ ಶಿಷ್ಯರು ಪಟ್ಟಣ ಪಟ್ಟಣ ಸುತ್ತಿ ಸೇವೆ ಮಾಡಿದರು. ಒಬ್ಬರಾದರೂ ನಿನ್ನ ಹತ್ತಿರ ಅಂಗಳ ಕೇಳಲಿಲ್ಲ."

"ಶಿಷ್ಯರಿಗೆ ಎಂಟು ವರ್ಷದ ಮಗಳಿರಲಿಲ್ಲ, ಅದು ನಿನಗೆ ಗೊತ್ತು ತಂದೆಯೇ."

"ಏದೆನ್ ತೋಟದಲ್ಲಿ ಬೇಕಾದಷ್ಟು ಅಂಗಳ ಇತ್ತು ಸ್ವಾಮಿ. ಅಲ್ಲಿ ಏನಾಯಿತು ಅನ್ನೋದೂ ನಿನಗೆ ಗೊತ್ತು."

"ಮೊದಲನೇ ಪಟ್ಟಣ ಕಟ್ಟಿದವನು ತಮ್ಮನನ್ನ ಕೊಂದ ಕಾಯಿನ, ಕರ್ತನೇ. ನಿನ್ನ ವಾಕ್ಯದಲ್ಲೇ ಇದೆ."

"ಆಮೆನ್!" ಎಂದರು ಅತ್ತೆ. "ಕರ್ತನಿಗೆ ಎಲ್ಲಾ ಕೇಳಿಸ್ತು. ಊಟ ಆರ್ತಿದೆ."

ಕಣ್ಣು ತೆರೆದ ಮೇಲೆ ಇಬ್ಬರೂ ಉಪ್ಪು ಕೊಡಿ, ನೀರು ತಗೋ ಎಂದು ಪ್ರೀತಿಯಿಂದಲೇ ಉಂಡರು. ಗುರುವಾರದ ಹೊತ್ತಿಗೆ ನೋಹ, ಸೊದೋಮ್ ಊರು ಬಿಟ್ಟು ಓಡಿದ ಲೋಟ, ನಿನೆವೆ ಪಟ್ಟಣ ಎಲ್ಲ ಮೇಜಿನ ಮೇಲೆ ಬಂದು ಹೋಗಿದ್ದವು. ಮಗಳು ಸಂಡೇ ಸ್ಕೂಲಿನಲ್ಲಿ ಹಳೆ ಒಡಂಬಡಿಕೆಯ ಪ್ರಶ್ನೆಗಳಿಗೆಲ್ಲ ಕೈ ಎತ್ತುವ ಗುಟ್ಟು ಇದೇ.

ಇಷ್ಟೆಲ್ಲದರಲ್ಲೂ ಲಿಫ್ಟಣ್ಣ ಹೇಳದೆ ಬಿಟ್ಟ ಮಾತೊಂದಿತ್ತು. ಅದು ಬೆಳಿಗ್ಗೆಯ ಹದಿನಾಲ್ಕು ನಿಮಿಷಗಳ ಮಾತು. ಏಳು ಐವತ್ತಕ್ಕೆ ಮಗಳ ಕೈ ಹಿಡಿದು ಮನೆಯಿಂದ ಹೊರಟರೆ ಎಂಟು ನಾಲ್ಕಕ್ಕೆ ಶಾಲೆಯ ಗೇಟು. ದಾರಿಯುದ್ದಕ್ಕೂ ಅವಳು ಲಿಫ್ಟುಗಳ ಯೋಗಕ್ಷೇಮ ವಿಚಾರಿಸುತ್ತಾಳೆ. "ಬ್ಯಾಂಕಿನವನಿಗೆ ಇವತ್ತು ಸಿಟ್ಟು ಇಳಿದಿದೆಯಾ ಅಪ್ಪಾ?" ಬಡಾವಣೆಗೆ ಹೋದರೆ ಲಿಫ್ಟಣ್ಣ ಆರೂಕಾಲರ ರೈಲು ಹಿಡಿಯಬೇಕು, ಆಗ ಅವಳು ಎದ್ದಿರುವುದಿಲ್ಲ. ಮರಳಿದಾಗ ಮಲಗಿರುತ್ತಾಳೆ. ಮಗಳ ಜತೆ ನಡೆಯುವುದಕ್ಕಾಗಿ ಮಗಳಿಗೆ ಅಂಗಳ ಬೇಡ ಎನ್ನುತ್ತಿದ್ದೇನೆ ಎಂದು ಒಪ್ಪಿಕೊಳ್ಳಲು ನಲವತ್ತಾರು ವರ್ಷದ ಗಂಡಸಿಗೆ ನಾಚಿಕೆ. ಅದಕ್ಕೇ ಶಿಷ್ಯರನ್ನು ಮುಂದೆ ಬಿಟ್ಟಿದ್ದರು.

ಭಾನುವಾರ ನಾಲ್ಕೂ ಜನ ಮೊದಲ ರೈಲಿಗೆ ಹೋದರು. ಆರಾಧನೆಗೆ ಇನ್ನೂ ಹೊತ್ತಿತ್ತು. ಹಿರಿಯರು ಮನೆ ತೋರಿಸಿದರು. ಮೆಟ್ಟಿಲ ಬಳಿ ನಿಂತ ಮಗಳು ಗೋಡೆಯನ್ನು ಮೇಲೆ ಕೆಳಗೆ ನೋಡಿದಳು. "ಅಪ್ಪಾ, ಬಟನ್ ಎಲ್ಲಿ?"

"ಇದನ್ನ ಹತ್ತಬೇಕು ಪುಟ್ಟಿ," ಎಂದರು ಅಜ್ಜಿ. "ಕಾಲು ಇರೋದು ಅದಕ್ಕೇ."

ಅಂಗಳಕ್ಕೆ ಬಿಟ್ಟರೆ ಹುಡುಗಿ ಕಲ್ಲುಹಾದಿಯ ಮೇಲೇ ನಿಂತಳು, ಹುಲ್ಲಿಗೆ ಕಾಲಿಡಲಿಲ್ಲ. ಅವರ ಬೀದಿಯ ಉದ್ಯಾನದಲ್ಲಿ ಹುಲ್ಲಿನ ಮೇಲೆ ನಡೆಯಬಾರದು ಎಂಬ ಫಲಕವಿದೆ. ಇಲ್ಲಿನ ಫಲಕ ಎಲ್ಲಿದೆ ಎಂದು ಹುಡುಕುತ್ತಿದ್ದಳು. ಇಲ್ಲವೆಂದು ಖಾತ್ರಿಯಾದ ಮೇಲೆ ಓಡಿದಳು. ಓಡಿ ಅಭ್ಯಾಸವಿಲ್ಲದ್ದರಿಂದ ಎಂಟನೇ ಹೆಜ್ಜೆಗೆ ಮುಗ್ಗರಿಸಿದಳು.

"ಹರೀತು!" ಎಂದು ಕೂಗುತ್ತ ಟೈಲರಮ್ಮ ಓಡಿಬಂದರು. "ರೀ, ನೋಡ್ರೀ, ಮೊಣಕಾಲಲ್ಲೇ ಹರೀತು!"

ಮಗು ಬಿದ್ದರೆ ಇಷ್ಟು ಸಂತೋಷಪಡುವ ತಾಯಿಯನ್ನು ಹೆಡ್ ಮಾಸ್ತರರು ತಮ್ಮ ಸರ್ವೀಸಿನಲ್ಲೇ ನೋಡಿರಲಿಲ್ಲ. ಲಿಫ್ಟಣ್ಣ ಆ ತೂತನ್ನು ನೋಡಿದರು, ಹೆಂಡತಿಯ ಮುಖವನ್ನೂ ನೋಡಿದರು. ಶಿಷ್ಯರೆಲ್ಲ ಸೇರಿದರೂ ಇನ್ನು ವಾದ ನಿಲ್ಲುವುದಿಲ್ಲ ಎಂದು ಅವರಿಗೆ ಅನಿಸಿತು.

ಆ ದೇವಾಲಯದಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕೂರುತ್ತಾರೆ. ಪ್ರಸಂಗ ಮುಗಿಸಿದ ಪಾಸ್ಟರು ಮುಗುಳ್ನಕ್ಕು, "ನಮ್ಮ ನಡುವೆ ಒಂದು ಹೊಸ ಕುಟುಂಬ ಬಂದಿದೆ. ಯಜಮಾನರು ಎರಡು ಮಾತು ಪ್ರಾರ್ಥಿಸಲಿ," ಎಂದರು.

ಲಿಫ್ಟಣ್ಣ ಎದ್ದು ನಿಂತರು, ಕಣ್ಣು ಮುಚ್ಚಿದರು. ತಪ್ಪು ಆಗಿದ್ದು ಅಲ್ಲಿಯೇ. ಅವರ ಪಾಲಿಗೆ ಕಣ್ಣು ಮುಚ್ಚಿದರೆ ಎದುರಿಗೆ ಊಟದ ಮೇಜು.

"ಪರಲೋಕದ ತಂದೆಯೇ, ಈ ಸುಂದರವಾದ ಊರಿಗಾಗಿ ಸ್ತೋತ್ರ. ಆದರೆ ಈ ಊರಲ್ಲಿ ಒಂದಾದರೂ ಲಿಫ್ಟಿಲ್ಲ ಕರ್ತನೇ. ದುಡಿಯುವ ಗಂಡಸು ದಿನಾ ಎರಡು ಗಂಟೆ ಇಪ್ಪತ್ತು ನಿಮಿಷ ರೈಲಲ್ಲಿ ಕೂತಿರಬೇಕು ಅನ್ನೋದನ್ನ ಕೆಲವರು ಲೆಕ್ಕಕ್ಕೇ ತಗೊಳ್ಳೋದಿಲ್ಲ."

ಗಂಡಸರ ಕಡೆಯಿಂದ ಭಾರಿ ಆಮೆನ್ ಬಂತು. ಆ ಊರಿನ ಗಂಡಸರೆಲ್ಲ ಅದೇ ರೈಲಿನವರು.

ಆಚೆ ಕಡೆ ಟೈಲರಮ್ಮನಿಗೂ ಕಣ್ಣು ಮುಚ್ಚಿತ್ತು, ಅವರಿಗೂ ಅದೇ ಮೇಜು. "ಕೂತ್ಕೊಂಡು ಹೋಗೋದು ಕಷ್ಟ ಅಂತಾರೆ ತಂದೆಯೇ. ಒಂದು ಮಗು ಎಂಟು ವರ್ಷ ಕೂತಲ್ಲೇ ಕೂತಿರೋದು ಕಷ್ಟ ಅಲ್ವಾ, ಅವರಿಗೆ ನೀನೇ ಕೇಳು."

ಹೆಂಗಸರ ಕಡೆಯಿಂದ ಅದಕ್ಕಿಂತ ದೊಡ್ಡ ಆಮೆನ್. ಪಾಸ್ಟರು ಒಂದು ಕಣ್ಣು ತೆರೆದರು. ಪ್ರಾರ್ಥನೆಯನ್ನು ನಡುವೆ ತಡೆಯುವುದು ಹೇಗೆಂದು ಅವರಿಗೆ ಯಾರೂ ಕಲಿಸಿರಲಿಲ್ಲ.

ಲಿಫ್ಟಣ್ಣ ಜೋಡಿಸಿದ ಕೈಗಳನ್ನು ಇನ್ನಷ್ಟು ಬಿಗಿ ಹಿಡಿದರು. ಬಳಿಕ ಧ್ವನಿ ಇಳಿಯಿತು. "ರೈಲು ಬಿಡು ಕರ್ತನೇ. ರೈಲು ನೆಪ. ಬೆಳಿಗ್ಗೆ ಹದಿನಾಲ್ಕು ನಿಮಿಷ ಅವಳ ಕೈ ನನ್ನ ಕೈಯಲ್ಲಿರುತ್ತೆ. ಇಲ್ಲಿಗೆ ಬಂದ್ರೆ ಅದು ಹೋಗುತ್ತೆ. ನನಗೆ ಇರೋದು ಅಷ್ಟೇ. ಅಂಗಳ ಅವಳಿಗೆ ಬೇಕು, ಅದೂ ಗೊತ್ತು. ಏನು ಕೇಳಬೇಕು ಅಂತ ಗೊತ್ತಾಗ್ತಿಲ್ಲ."

ಈ ಸಲ ಎರಡೂ ಕಡೆಯಿಂದ ಆಮೆನ್ ಬರಲಿಲ್ಲ. ಎಲ್ಲರೂ ಕಾದರು. ಕೊನೆಗೆ ಹೆಂಗಸರ ಕಡೆಯಿಂದ ಒಂದು ಹಳೆಯ ಗಂಟಲು, "ಆಮೆನ್," ಎಂದಿತು. ಅದು ಅತ್ತೆ. ಆಗ ಕಣ್ಣು ತೆರೆದ ಲಿಫ್ಟಣ್ಣನಿಗೆ ಮೇಜಿನ ಬದಲು ಇನ್ನೂರು ಜನ ಕಾಣಿಸಿದರು.

ಹೊರಗೆ ಹಿರಿಯರು ಬಂದು ನಿಂತರು. "ಏನು ತೀರ್ಮಾನ ಮಾಡಿದ್ರಿ? ನಿಂತಲ್ಲೇ ಹೇಳಿಬಿಡಿ. ಮತ್ತೆ ಪ್ರಾರ್ಥನೆಗೆ ಬಿಟ್ರೆ ಕತ್ತಲಾಗುತ್ತೆ."

ಲಿಫ್ಟಣ್ಣ ನೆಲ ನೋಡುತ್ತ, "ಅವಳು ಹೇಳಿದ ಹಾಗೆ," ಎಂದರು.

"ಬೇರೆಯವರಿಗೆ ಕೊಡಿ ಸಾರ್," ಎಂದರು ಟೈಲರಮ್ಮ.

ರೈಲಿನಲ್ಲಿ ಅವರು ಮಗಳ ಪ್ಯಾಂಟಿನ ತೂತಿಗೆ ಬೆರಳು ತೂರಿಸಿ ಅಳತೆ ನೋಡುತ್ತ ಕೂತಿದ್ದರು. ಮೂರು ನಿಲ್ದಾಣ ದಾಟಿದ ಮೇಲೆ, ಕಣ್ಣು ತೆರೆದುಕೊಂಡೇ ಮಾತಾಡಿದರು.

"ಒಂದು ವಾರದಿಂದ ಕಾಯಿನನ ಬಾಯಲ್ಲೆಲ್ಲ ಮಾತಾಡಿಸಿದ್ರಿ. ಇದೊಂದು ಮಾತು ನನ್ನ ಹತ್ರ ಹೇಳೋಕೆ ಏನಾಗಿತ್ತು ನಿಮಗೆ?"

"ಕಾಯಿನನನ್ನ ತಂದಿದ್ದು ನೀನು."

"ಯಾರೋ ತಂದ್ರು ಬಿಡಿ. ಕೇಳಿ ಇಲ್ಲಿ. ಇನ್ನು ಮೂರು ವರ್ಷ. ಅಷ್ಟರಲ್ಲಿ ಅವಳೇ ನಿಮ್ಮ ಕೈ ಬಿಡ್ತಾಳೆ. ಹೆಣ್ಣುಮಕ್ಕಳು ಹನ್ನೊಂದಕ್ಕೆ ಬಿಡ್ತಾರೆ, ನಾನೂ ಬಿಟ್ಟಿದ್ದೆ. ಆಗ ಹೋಗೋಣ. ಅಲ್ಲೀವರೆಗೂ ಪ್ರತಿ ಶನಿವಾರ ಇದೇ ರೈಲು ಹತ್ತಿ ಎಲ್ಲಾದ್ರೂ ಹುಲ್ಲಿರೋ ಕಡೆ ಕರ್ಕೊಂಡು ಹೋಗಿ ಬೀಳಿಸ್ಕೊಂಡು ಬರಬೇಕು. ಒಪ್ಪಿಗೇನಾ?"

"ಒಪ್ಪಿಗೆ."

"ನನ್ನನ್ನ ಯಾರೂ ಕೇಳಲ್ಲ," ಎಂದರು ಅತ್ತೆ. "ನನಗೆ ಆ ಮರ ಇಷ್ಟವಾಗಿತ್ತು."

ಶನಿವಾರಗಳು ನಡೆದವು. ಆರು ವಾರಗಳಲ್ಲಿ ಮೂರು ಪ್ಯಾಂಟು ಹರಿದವು. ಟೈಲರಮ್ಮ ಅವಕ್ಕೆಲ್ಲ ಬೇರೆ ಬೇರೆ ಬಣ್ಣದ ತೇಪೆ ಹಾಕಿ, ಗಿರಾಕಿಗಳಿಗೆ ಕಾಣುವಂತೆ ಕಿಟಕಿಯಲ್ಲಿ ಒಣಹಾಕಿದರು.

ಏಳನೇ ವಾರದ ಒಂದು ಬೆಳಿಗ್ಗೆ ಬೇಕರಿಯ ತಿರುವಿನಲ್ಲಿ ಮಗಳು ನಿಂತಳು. "ಅಪ್ಪಾ, ಇಲ್ಲಿಗೆ ಸಾಕು. ಮುಂದೆ ನನ್ನ ಫ್ರೆಂಡ್ಸ್ ಇರ್ತಾರೆ." ಕೈ ಬಿಡಿಸಿಕೊಂಡು ಓಡಿದಳು. ಈಗ ಅವಳಿಗೆ ಓಡಲು ಚೆನ್ನಾಗಿ ಬರುತ್ತಿತ್ತು. ಲಿಫ್ಟಣ್ಣ ಗಡಿಯಾರ ನೋಡಿದರು. ಏಳು ಐವತ್ತರಿಂದ ಹನ್ನೊಂದು ನಿಮಿಷವಾಗಿತ್ತು.

ಅವತ್ತು ಸಂಜೆ ಮೇಜಿನ ಮುಂದೆ ಅವರ ಪ್ರಾರ್ಥನೆ ಐದೇ ಪದಗಳಲ್ಲಿ ಮುಗಿಯಿತು. "ತಂದೆಯೇ, ಊಟಕ್ಕಾಗಿ ನಿನಗೆ ಸ್ತೋತ್ರ. ಆಮೆನ್."

ಅತ್ತೆ ಗಾಬರಿಯಾದರು. "ಹುಷಾರಿಲ್ವಾ ಅಳಿಯಂದ್ರೇ? ಊಟದಿಂದ ಇನ್ನೂ ಹಬೆ ಬರ್ತಿದೆ!"

ಟೈಲರಮ್ಮ ಕಣ್ಣು ತೆರೆದಿರಲಿಲ್ಲ. ಮಗಳು ಮಧ್ಯಾಹ್ನವೇ ಅವರಿಗೆ ಎಲ್ಲ ವರದಿ ಒಪ್ಪಿಸಿದ್ದಳು. "ಇನ್ನೊಂದು ಮಾತು ಕರ್ತನೇ," ಎಂದರು. "ಬೇಕರಿಯ ತನಕ ಇನ್ನೂ ಹನ್ನೊಂದು ನಿಮಿಷ ಇದೆ. ಇದನ್ನ ಈ ಮೇಜಿನ ಸುತ್ತ ಇರುವ ಎಲ್ಲರಿಗೂ ನೆನಪಿಸು."

ಮೇಜಿನಡಿ ಒಂದು ಕಾಲು ಬಂದು ಇನ್ನೊಂದು ಕಾಲಿಗೆ ತಗುಲಿತು. ಈ ಸಲ ಅಲ್ಲೇ ಉಳಿಯಿತು.

"ಆಮೆನ್, ಆಮೆನ್," ಎಂದರು ಅತ್ತೆ. "ನೋಡಿ, ಆರೇ ಹೋಯ್ತು."