ಅಡುಗೆ ಪೆಂಡಾಲಿನ ಹನ್ನೆರಡು ನಿಮಿಷ

ನಮ್ಮ ಮನೆಯಲ್ಲಿ ಎಲ್ಲರೂ ಹೇಳುವುದು ಒಂದೇ ಮಾತು: ಅಣ್ಣನ ಮದುವೆಯ ವಿಡಿಯೋದಲ್ಲಿ ಅತ್ತೆ ಇಲ್ಲ, ಯಾಕೆಂದರೆ ಸ್ಟುಡಿಯೋದವರ ಕಂಪ್ಯೂಟರಿಗೆ ಮೆಮರಿ ಸಾಲಲಿಲ್ಲ. ಅತ್ತೆ ಇಲ್ಲ ಎಂಬುದು ನಿಜ. ಮೆಮರಿ ಸಾಲಲಿಲ್ಲ ಎಂಬುದೂ ನಿಜ. ನಡುವಿನ 'ಯಾಕೆಂದರೆ' ಮಾತ್ರ ಸುಳ್ಳು. ಎದುರಾಳಿಯ ಸಂಗತಿಗಳನ್ನು ಒಪ್ಪಿಕೊಂಡುಬಿಡು, ಕಾರಣವನ್ನು ಹಿಡಿ ಎಂದು ಕಾಲೇಜಿನ ಚರ್ಚಾ ಸ್ಪರ್ಧೆಗಳಲ್ಲಿ ನಮಗೆ ಕಲಿಸಿದ್ದರು.

ಅತ್ತೆ ಎಂದರೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಶಿರಗುಪ್ಪಿಯ ನಮ್ಮ ಮನೆಗೆ ಬಂದವಳು, ನನ್ನನ್ನು ಬೆಳೆಸಿದವಳು. ಕ್ಯಾಮೆರಾ ಕಂಡರೆ ಸೆರಗು ಎಳೆದುಕೊಂಡು ಒಳಗೆ ನಡೆಯುವವಳು. ಅಣ್ಣನ ಮದುವೆಯಾಗಿ ನಾಲ್ಕು ತಿಂಗಳಿಗೆ ತೀರಿಹೋದಳು. ಈಗ ಉಳಿದಿರುವುದು ಆಧಾರ್ ಕಾರ್ಡಿನ ಫೋಟೋ ಒಂದೇ. ದನಿಯಂತೂ ಎಲ್ಲಿಯೂ ಇಲ್ಲ.

ಇತ್ತು. ಕಾಗವಾಡದ ಒಂದು ಸ್ಟುಡಿಯೋದಲ್ಲಿ, ನನ್ನ ಕಣ್ಣೆದುರೇ ಇತ್ತು.

ನಮ್ಮ ಕಡೆ ಮದುವೆ ವಿಡಿಯೋದಲ್ಲಿ ತಾಳಿ ಕಟ್ಟುವುದನ್ನು ಕತ್ತರಿಸಿದರೂ ನಡೆದೀತು, ಆಯೇರ ಕತ್ತರಿಸಿದರೆ ನಡೆಯದು. ನೆಂಟರನ್ನು ಒಬ್ಬೊಬ್ಬರಾಗಿ ಮೈಕಿನಲ್ಲಿ ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ ಕರೆದು, ಗಂಡಸರಿಗೆ ಟೋಪಿ ಟಾವೆಲ್ ಕೊಟ್ಟು, ಹೆಂಗಸರಿಗೆ ಕುಂಕುಮ ಹಚ್ಚಿ ಕುಬಸದ ಕಣ, ಅಂದರೆ ರವಿಕೆಯ ಬಟ್ಟೆ, ಕೊಡುವ ಮರ್ಯಾದೆ ಅದು. ವಿಡಿಯೋ ಬಂದ ಮೇಲೆ ಪ್ರತಿ ಮನೆಯವರೂ ತಮ್ಮ ಟಾವೆಲ್ಲಿಗಾಗಿ ಕಾದು ಕೂರುತ್ತಾರೆ. ಅದು ಕಾಣದಿದ್ದರೆ ಮುಂದಿನ ಮದುವೆಗೆ ಬರುವುದಿಲ್ಲ. ಅದಕ್ಕೇ ಅಪ್ಪ ಆಯೇರದ ಪಟ್ಟಿಯನ್ನು ನನ್ನ ಕೈಗಿಟ್ಟು, "ಒಬ್ಬರೂ ತಪ್ಪಬಾರದು ನೋಡು" ಎಂದು ನನ್ನನ್ನು ಸ್ಟುಡಿಯೋಕ್ಕೆ ಕಳಿಸಿದ. ಪರದೆಯ ಮೇಲೆ ಮುಖ ಕಂಡ ಹಾಗೆ ಹೆಸರಿಗೆ ಟಿಕ್ ಹಾಕುವುದು ನನ್ನ ಕೆಲಸ.

ಸ್ಟುಡಿಯೋದ ಕಾಕಾ ಐದು ತಾಸಿನ ಮದುವೆಯನ್ನು ಒಂದೇ ಸರಪಳಿಯಾಗಿ ಜೋಡಿಸಿ ಸೇವ್ ಒತ್ತಿದರು. ಪರದೆಯ ನಡುವೆ ಒಂದು ಚೌಕ ಎದ್ದಿತು: ಈ ಕೆಲಸ ಮುಗಿಸಲು ಮೆಮರಿ ಸಾಲದು. ಕೆಳಗೆ ಓಕೆ. ಬೇರೆ ಗುಂಡಿಯೇ ಇಲ್ಲ. ಕಾರಣ ಕೊಡದೆ ಒಪ್ಪಿಗೆ ಮಾತ್ರ ಕೇಳುವವನ ಜೊತೆ ವಾದ ಮಾಡುವುದು ಹೇಗೆ?

"ಈಗ ಏನ ಮಾಡೂದ್ರಿ ಕಾಕಾ?"

"ಅದಕ್ಕ ಹೊಟ್ಟಿ ತುಂಬೇತಿ ತಂಗಿ. ಏನರ ತಗೀಬೇಕು."

"ಏನ ತಗೀಬೇಕಂತ ಅದು ಹೇಳಂಗಿಲ್ಲೇನ್ರಿ?"

"ಅದನ್ನೂ ಅದ ಹೇಳಿದ್ರ ನಾ ಯಾಕ ಬೇಕಿತ್ತವಾ ಇಲ್ಲಿ!"

ಮೊದಲು ಮಂಗಸೂಳಿಯ ಗುಡಿಗೆ ಹೋಗಿ ಬಂದದ್ದು ಹೋಯಿತು. ಮತ್ತೆ ಅದೇ ಚೌಕ. ಮೆರವಣಿಗೆಯ ಕುಣಿತ ಹೋಯಿತು. ಮತ್ತೆ ಅದೇ. ಆಮೇಲೆ ಅವರು ಅಡುಗೆ ಪೆಂಡಾಲಿನ ಹನ್ನೆರಡು ನಿಮಿಷ ತೆರೆದರು. ಅತ್ತೆ ಹೋಳಿಗೆ ಲಟ್ಟಿಸುತ್ತಿದ್ದಳು, ಮೊಣಕೈವರೆಗೂ ಹಿಟ್ಟು. ಕೈ ಬಿಡುವಿಲ್ಲದ್ದರಿಂದ ಸೆರಗು ಎಳೆದುಕೊಳ್ಳಲು ಆಗಿರಲಿಲ್ಲ. ನಗುತ್ತ ಕ್ಯಾಮೆರಾದವನನ್ನು ಬೈಯುತ್ತಿದ್ದಳು: "ಏ ಬಾಡ್ಯಾ, ನನ್ನೇನ ಹಿಡೀತಿಯೋ? ನಾ ಏನ ಮದಿಮಗಳೇನ? ಮೊದಲ ಉಂಡ ಹೋಗು, ಹೋಳಿಗಿ ಆರತಾವು."

"ಇದರಾಗ ಆಯೇರದವರು ಯಾರರ ಅದಾರೇನ?" ಕಾಕಾ ಕೇಳಿದರು.

ನಾನು ಪರದೆ ಬಿಟ್ಟು ಪಟ್ಟಿ ನೋಡಿದೆ. "ಇಲ್ರಿ."

"ತಗೀಲ್ಯಾ?"

"ತಗೀರಿ."

ಜಾಗ ಆಗಲೆಂದು ಅವರು ಅದನ್ನು ಡಿಸ್ಕಿನಿಂದಲೂ ಅಳಿಸಿದರು. ಡಿಸ್ಕಿನ ಜಾಗಕ್ಕೂ ಮೆಮರಿಯ ಆ ತಕರಾರಿಗೂ ಸಂಬಂಧವಿಲ್ಲ ಎಂದು ನನಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ. ಚೌಕ ಮತ್ತೆ ಎದ್ದಿತು. ಬೇಸತ್ತು ಕಾಕಾ ಕಂಪ್ಯೂಟರ್ ಬಂದ್ ಮಾಡಿ ಮತ್ತೆ ಹಚ್ಚಿ, ಮದುವೆಯನ್ನು ಎರಡು ಭಾಗ ಮಾಡಿ ಸೇವ್ ಒತ್ತಿದರು. ತಕರಾರಿಲ್ಲದೆ ಆಯಿತು. ಪಟ್ಟಿಯಲ್ಲಿ ಟಿಕ್ ಬೀಳದ ಹೆಸರು ಒಂದೂ ಉಳಿದಿರಲಿಲ್ಲ. ನಾನು ಖುಷಿಯಿಂದ ಮನೆಗೆ ಬಂದೆ.

ಅತ್ತೆಯ ದಿನಕರ್ಮ ಮುಗಿದ ವಾರ ಮತ್ತೆ ಅಲ್ಲಿಗೆ ಹೋದೆ. ಡಿಸ್ಕಿನ ತುಂಬ ಬೇರೆಯವರ ಮದುವೆಗಳು. ಅಳಿಸಿದ್ದನ್ನು ಹುಡುಕಿ ತರುವ ಸಾಫ್ಟ್‌ವೇರೊಂದನ್ನು ಕಾಕಾ ಮಧ್ಯಾಹ್ನವಿಡೀ ಓಡಿಸಿದರು. ಕೊನೆಗೆ ಒಂದು ಹೆಸರು ಸಿಕ್ಕಿತು, ಒತ್ತಿದರೆ 'ಫೈಲ್ ತೆರೆಯಲಾಗದು'. ಕೆಳಗೆ ಓಕೆ.

"ತಂಗಿ, ನಾ ನಿನ್ನ ಕೇಳೇ ತಗದದ್ದು," ಎಂದರು ಅವರು.

ಕಂಪ್ಯೂಟರು ಏನಾದರೂ ತೆಗೆ ಎಂದೂ ಹೇಳಿರಲಿಲ್ಲ. ತೆಗೆಯಬೇಕೆಂದುಕೊಂಡವರು ನಾವು, ಯಾರನ್ನು ತೆಗೆದರೆ ಜಗಳವಾಗುವುದಿಲ್ಲ ಎಂದು ಆರಿಸಿದವರೂ ನಾವು. ವಿಧವೆಗೆ ಕುಂಕುಮ ಹಚ್ಚುವುದಿಲ್ಲ, ಕಣ ಕೊಡುವುದಿಲ್ಲ, ಹಾಗಾಗಿ ಮೈಕಿನಲ್ಲಿ ಕರೆಯುವುದೂ ಇಲ್ಲ. ಮದುವೆಯ ಐದು ತಾಸಿನಲ್ಲಿ ಅವಳು ಬಾಯಿ ಬಿಟ್ಟು ಮಾತಾಡಿದ್ದು ಅಡುಗೆ ಪೆಂಡಾಲಿನಲ್ಲಷ್ಟೇ.

ಇದನ್ನೆಲ್ಲ ಮನೆಯಲ್ಲಿ ಹೇಳಿ ನೋಡಿದೆ. "ಎಲ್ಲಾದಕ್ಕೂ ವಾದಾ ಮಾಡಬ್ಯಾಡ. ಮಷೀನಿಗೆ ಏನ ಗೊತ್ತಾಗತೈತಿ ಬಿಡವಾ," ಎಂದ ಅಪ್ಪ, ಟಿವಿಯ ಕಡೆಯಿಂದ ಮುಖ ತಿರುಗಿಸದೆ. ಟಿವಿಯಲ್ಲಿ ಅದೇ ವಿಡಿಯೋ ಓಡುತ್ತಿತ್ತು. ಅಲಖನೂರಿನ ಮಾವನಿಗೆ ಟೋಪಿ ಇಡುತ್ತಿದ್ದರು.

ಆ ಪಟ್ಟಿ ಅಪ್ಪನ ಕೈಬರಹದ್ದು, ಆದರೆ ಹೆಸರುಗಳನ್ನು ಒಂದೊಂದಾಗಿ ಹೇಳಿ ಬರೆಸಿದವಳು ಅತ್ತೆ, ತನ್ನದೊಂದನ್ನು ಬಿಟ್ಟು. ಯಾವ ಊರಿನಲ್ಲಿ ಯಾವ ನೆಂಟರಿದ್ದಾರೆ ಎಂದು ಅವಳಷ್ಟು ಬಲ್ಲವರು ಮನೆಯಲ್ಲಿ ಇನ್ನೊಬ್ಬರಿರಲಿಲ್ಲ. ನಾನು ಎದ್ದು ಹೋಗಿ ಟಿವಿಯ ದನಿ ತಗ್ಗಿಸಿ ಕೇಳಿದೆ:

"ಅಪ್ಪಾ, ಎಲ್ಲಾರ ಹೆಸರು ಬರಸಿ ಆಕಿ ಸುಮ್ಮನಾದ್ಲಲ್ಲ, ಆವಾಗ ನೀ ಒಂದಸಲ ಆಕಿ ಮಾರಿ ನೋಡಿದ್ಯೇನು?"