ಹನ್ನೊಂದು ವರ್ಷದ ಮಳೆ

ದೊಡ್ಡಮ್ಮ, ನಿಮ್ಮ ಕಂಪ್ಯೂಟರಿನಲ್ಲಿರುವ ಹನ್ನೊಂದು ವರ್ಷದ ಮಳೆ ಸುಳ್ಳು. ಆ ಅಂಕಿಗಳು ನೀವು ಅಳೆದದ್ದಲ್ಲ, ನಾನು ಬರೆದದ್ದು. ನಿಮ್ಮ ಅಂಕಿಗಳನ್ನು ಅಳಿಸಿದವನೂ ನಾನೇ.

ಇಷ್ಟು ಹೇಳಬೇಕೆಂದು ಎರಡು ವರ್ಷದಿಂದ ನಿಮ್ಮ ಮನೆಗೆ ಬಂದಿದ್ದೇನೆ, ಕಾಫಿ ಕುಡಿದಿದ್ದೇನೆ, ಎದ್ದು ಹೋಗಿದ್ದೇನೆ. ಮಾತಿನಲ್ಲಿ ಆಗದ್ದು ಬರವಣಿಗೆಯಲ್ಲಾದರೂ ಆಗಲಿ ಎಂದು... ಸೋಮವಾರಕ್ಕೆ ಮುಂಚೆ ಆಗಲೇಬೇಕು. ವರದಿಗಾರನ ಅಭ್ಯಾಸದಂತೆ, ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ. ನಿಮಗೆ ಗೊತ್ತಿರುವುದನ್ನೂ ಬಿಡುವುದಿಲ್ಲ — ನಿಮ್ಮ ಮಗಳು ಮಂಜುಳ ಓದಿದರೂ, ಬೇರೆ ಯಾರು ಓದಿದರೂ ನಾನು ಹಾಳು ಮಾಡಿದ್ದು ಏನೆಂದು ಅವರಿಗೆ ತಿಳಿಯಬೇಕು.

ನಮ್ಮ ಕಡೆ ಕಾಫಿ ಬೆಳೆಯುವವರು ಮಳೆಯನ್ನು ಇಂಚು, ಸೆಂಟ್ ಲೆಕ್ಕದಲ್ಲಿ ಅಳೆಯುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ನಿಮ್ಮ ಯಜಮಾನರು ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರ್ ಆಗಿದ್ದವರು. ಅಲ್ಲಿ ಮಾಡುತ್ತಿದ್ದ ಕೆಲಸವನ್ನೇ ಯಸಳೂರಿನ ನಿಮ್ಮ ಮೂರು ಎಕರೆಯಲ್ಲೂ ಶುರು ಮಾಡಿದರು. ಬೆಳಗ್ಗೆ ಎಂಟಕ್ಕೆ ಅಂಗಳದಾಚೆಯ, ಮಳೆ ಹಿಡಿಯುವ ಡಬ್ಬಿಯ ನೀರನ್ನು ಗಾಜಿನ ಅಳತೆಗೆ ಸುರಿಯುವುದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡುವುದು, ಪುಸ್ತಕದಲ್ಲಿ ಬರೆಯುವುದು. ಅವರು ಹೋದ ಮೇಲೆ ನೀವು ಬರೆದಿರಿ, ಒಂದು ದಿನವೂ ತಪ್ಪದೆ. ಪುಸ್ತಕಗಳಿಗೆ ಗೆದ್ದಲು ಹತ್ತಿದಾಗ ಎರಡು ಬೇಸಿಗೆ ಕೂತು, ಒಂದೇ ಬೆರಳಿನಲ್ಲಿ, ಮೂವತ್ತು ವರ್ಷದ ಮಳೆಯನ್ನು ಕಂಪ್ಯೂಟರಿಗೆ ಹಾಕಿದಿರಿ. ಗೆದ್ದಲು ತಿಂದ ಪುಸ್ತಕಗಳು ಹಂಡೆ ಒಲೆಗೆ ಹೋದವು. ಸಕಲೇಶಪುರದಿಂದ ನಾನು ಪತ್ರಿಕೆಗೆ ಕಳಿಸಿದ ಸುದ್ದಿಯಲ್ಲಿ ‘ಯಸಳೂರು ಸುತ್ತಮುತ್ತ ಕಾಫಿ ಅರಳಿಸುವ ಉತ್ತಮ ಹೂಮಳೆ’ ಎಂದಿದ್ದರೆ ಅದರ ಹಿಂದೆ ಇದ್ದದ್ದು ನಿಮ್ಮ ಡಬ್ಬಿ. ನಿಮ್ಮ ಅಂಕಿಯನ್ನು ನಾನು ಬೇರೆ ಯಾರ ಹತ್ತಿರವೂ ಕೇಳಿ ಖಚಿತ ಮಾಡಿಕೊಳ್ಳುತ್ತಿರಲಿಲ್ಲ. ಆ ಗೌರವವನ್ನು ನಾನು ಇನ್ನೊಬ್ಬರಿಗೆ ಕೊಟ್ಟವನಲ್ಲ.

ಎರಡು ವರ್ಷದ ಹಿಂದೆ, ಫೆಬ್ರವರಿಯ ಒಂದು ಭಾನುವಾರ. ನಿಮ್ಮ ಕಂಪ್ಯೂಟರ್ ತೀರಾ ನಿಧಾನವಾಗಿತ್ತು, ವೈರಸ್ ಬೇರೆ. ನನ್ನ ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಎಂಬ ಉಚಿತ ಸಿಸ್ಟಮ್ ಹಾಕಿ ಬದುಕಿಸಿಕೊಂಡಿದ್ದ ಹೆಮ್ಮೆ ನನಗೆ. ನಿಮ್ಮದಕ್ಕೂ ಹಾಕಿಕೊಡುತ್ತೇನೆ ಎಂದವನು ನಾನು, ನೀವು ಕೇಳಿರಲಿಲ್ಲ.

“ನನ್ ಮಳೆ ಹೋಗ್ಬುಡಲ್ಲ ತಾನೇ?” ಎಂದಿರಿ.

“ಮೊದಲು ಅದನ್ನೇ ಪೆನ್‌ಡ್ರೈವಿಗೆ ಹಾಕ್ಕೊಳ್ತೀನಿ ದೊಡ್ಡಮ್ಮ.”

ಹಾಕಿಕೊಂಡೆ. ಪರದೆಯ ಮೇಲೆ ‘ಮಳೆ’ ಎಂಬ ಹೆಸರಿನ ಹಳದಿ ಚಿತ್ರವಿತ್ತು. ಅದನ್ನು ನಕಲು ಮಾಡಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಮೂವತ್ತು ವರ್ಷ ಇಷ್ಟು ಬೇಗ ಹೇಗೆ ಬಂತು ಎಂದು ಕೇಳಿಕೊಳ್ಳಬೇಕಿತ್ತು — ಅದು ನಿಮ್ಮ ಕಡತಗಳಿದ್ದ ಫೋಲ್ಡರ್ ಆಗಿರಲಿಲ್ಲ. ಅವು ಎಲ್ಲಿವೆ ಎಂದು ತೋರಿಸುವ ಶಾರ್ಟ್‌ಕಟ್ ಮಾತ್ರ. ಅಂಥ ಚಿತ್ರದ ಮೂಲೆಯಲ್ಲಿ ಸಣ್ಣ ಬಾಣದ ಗುರುತಿರುತ್ತದೆ. ನಾನು ನೋಡಲಿಲ್ಲ. ಪೆನ್‌ಡ್ರೈವ್ ತೆರೆದೂ ನೋಡಲಿಲ್ಲ. ಇಬ್ಬರನ್ನು ಕೇಳದೆ ಒಂದು ಸಾಲನ್ನೂ ಕಚೇರಿಗೆ ಕಳಿಸದ ನಾನು... ಇಡೀ ಡಿಸ್ಕ್ ಅಳಿಸಿ ಹೊಸದಾಗಿ ಹಾಕು ಎಂಬುದನ್ನು ಒತ್ತಿದೆ. ನಿಜವಾಗಿಯೂ ಅಳಿಸಲೇ ಎಂದು ಅದು ಇನ್ನೊಮ್ಮೆ ಕೇಳಿತು. ಕೇಳಿತ್ತು, ದೊಡ್ಡಮ್ಮ.

ಆಮೇಲೆ ತೊಂದರೆಗಳು ಶುರುವಾದವು. ನನ್ನ ಗಮನವೆಲ್ಲ ಅವುಗಳ ಮೇಲೆಯೇ. ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದರೆ ಪರದೆ ಪೂರ್ತಿ ಕಪ್ಪು. ಹಳೇ ಗ್ರಾಫಿಕ್ಸ್ ಕಾರ್ಡ್. ಶುರುವಾಗುವಾಗಿನ ಆದೇಶಕ್ಕೆ ಒಂದು ಪದ ಸೇರಿಸಿದರೆ ಸರಿಹೋಗುತ್ತದೆ ಎಂದು ಫೋನಿನಲ್ಲಿ ಹುಡುಕಿ ತಿಳಿದೆ. ಸೇರಿಸಿದೆ, ಪರದೆ ಬಂತು. ವೈಫೈ ಇಲ್ಲ. ಒಳಗಿರುವ ಭಾಗಗಳ ಪಟ್ಟಿ ತೆಗೆದು ನೋಡಿದರೆ ವೈಫೈ ಕಾರ್ಡ್ ಇದೆ, ಅದನ್ನು ನಡೆಸುವ ಡ್ರೈವರ್ ಇಲ್ಲ. ಡ್ರೈವರ್ ಇಳಿಸಲು ಇಂಟರ್ನೆಟ್ ಬೇಕು, ಇಂಟರ್ನೆಟ್ ಬರಲು ಡ್ರೈವರ್ ಬೇಕು. ಕೊನೆಗೆ ಫೋನನ್ನು ಕೇಬಲ್ಲಿನಲ್ಲಿ ಸಿಕ್ಕಿಸಿ ಅದರ ನೆಟ್ ಕೊಟ್ಟೆ. ಸಿಗ್ನಲ್ ಕಿಟಕಿಯ ಹತ್ತಿರ ಮಾತ್ರ. ಹಾಗಾಗಿ ಮೇಜನ್ನೇ ಕಿಟಕಿಗೆ ಎಳೆದೆವು, ನೀವೊಂದು ಕಡೆ, ನಾನೊಂದು ಕಡೆ.

“ಹಸುಗೆ ಕರು ಹಾಕ್ಸಕ್ಕೂ ಇಷ್ಟೊತ್ತು ಆಗಲ್ಲ ಕಣೋ ಮಾರಾಯ,” ಎಂದು ನೀವು ನಕ್ಕಿರಿ.

ಮಧ್ಯಾಹ್ನ ದಾಟಿದ ಮೇಲೆ ಎಲ್ಲ ಸರಿಯಾಯಿತು. ನಾನು ಗೆದ್ದವನ ಹಾಗೆ ಕೈ ಒರೆಸಿಕೊಂಡೆ. ನೀವು ಕನ್ನಡಕ ಹಾಕಿಕೊಂಡು ಕುರ್ಚಿ ಎಳೆದು ಕೂತಿರಿ. “ಸರಿ, ಈಗ ನನ್ ಮಳೆ ತೆಗಿ ನೋಡಾನ.”

ಪೆನ್‌ಡ್ರೈವಿನಲ್ಲಿ ಹೆಸರು ಇತ್ತು. ಒತ್ತಿದರೆ ಏನೂ ತೆರೆಯಲಿಲ್ಲ.

ಆಗಲೇ ಹೇಳಬಹುದಿತ್ತು. “ಹಳೇ ಕಡತಾನ ಹೊಸ ಸಿಸ್ಟಮ್ಮಿಗೆ ಹೊಂದಿಸ್ಬೇಕು ದೊಡ್ಡಮ್ಮ. ಡಿಸ್ಕನ್ನ ಮನೇಗೆ ತಗೊಂಡ್ ಹೋಗಿ ಮಾಡ್ಕೊಂಡ್ ಬರ್ತೀನಿ,” ಎಂದೆ. ನೀವು ನನ್ನ ಮುಖ ಕೂಡ ನೋಡಲಿಲ್ಲ. “ನೀನೈದೀಯಲ್ಲ, ನಂಗೇನ್ ಭಯ,” ಎಂದು ಒಳಗೆ ಹೋಗಿ ನನಗೆ ಒಂದು ಚೀಲ ಕಿತ್ತಳೆ ತಂದಿರಿ.

ಡಿಸ್ಕನ್ನು ಬಿಚ್ಚಿ ತಂದು ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಅಳಿಸಿಹೋದ ಕಡತಗಳನ್ನು ಹುಡುಕಿ ತೆಗೆಯುವ ತಂತ್ರಾಂಶವನ್ನು ಎರಡು ದಿನ ಓಡಿಸಿದೆ. ವರ್ಷಕ್ಕೊಂದರಂತೆ ನೀವು ಮಾಡಿದ್ದ ಮೂವತ್ತು ಕಡತಗಳಲ್ಲಿ ಹತ್ತೊಂಬತ್ತು ಸಿಕ್ಕವು. ಉಳಿದ ಹನ್ನೊಂದು ಇದ್ದ ಜಾಗದ ಮೇಲೆ ಹೊಸ ಸಿಸ್ಟಮ್ ಕೂತಿತ್ತು, ಅವು ಇನ್ನು ಸಿಗುವಂತಿರಲಿಲ್ಲ.

ಮುಂದಿನದನ್ನು ನಾನು ಗಾಬರಿಯಲ್ಲಿ ಮಾಡಿದ್ದಲ್ಲ. ಯೋಚಿಸಿ ಮಾಡಿದ್ದು. ಆನೇಮಹಲ್ ಹತ್ತಿರದ ದೊಡ್ಡ ಎಸ್ಟೇಟೊಂದಕ್ಕೆ ಹೋಗಿ, ಮಳೆ ಬಗ್ಗೆ ಲೇಖನ ಬರೆಯುತ್ತಿದ್ದೇನೆ ಎಂದು ಅಲ್ಲಿನ ರೈಟರಿಗೆ ಹೇಳಿ, ಅವರ ರಿಜಿಸ್ಟರಿನ ಹನ್ನೊಂದು ವರ್ಷದ ಪುಟಗಳ ಫೋಟೋ ತೆಗೆದುಕೊಂಡೆ. ಅಲ್ಲಿಗಿಂತ ನಿಮ್ಮ ಕಡೆ ಮಳೆ ಹೆಚ್ಚೆಂದು ಮಳೆ ಬಿದ್ದ ಪ್ರತಿ ಸಾಲಿಗೂ ಒಂದಿಷ್ಟು ಸೆಂಟ್ ಸೇರಿಸಿದೆ. ಎಲ್ಲ ಕಡೆ ಒಂದೇ ಪ್ರಮಾಣದಲ್ಲಿ ಸೇರಿಸಿದರೆ ಗೊತ್ತಾಗುತ್ತದೆಂದು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ... ಅಷ್ಟು ಜಾಗ್ರತೆ. ಮೂರು ವಾರ ಹಿಡಿಯಿತು. ಡಿಸ್ಕನ್ನು ತಂದು ಜೋಡಿಸಿ, “ಎಲ್ಲ ಸಿಕ್ತು” ಎಂದೆ. ನೀವು ಒಂದೊಂದೇ ವರ್ಷ ತೆರೆದು ನೋಡಿ, ಪರದೆಯನ್ನು ಸೆರಗಿನಲ್ಲಿ ಒರೆಸಿದಿರಿ.

ನಾನು ತುಂಬಿದ ಹನ್ನೊಂದರಲ್ಲಿ ನಿಮ್ಮ ಯಜಮಾನರು ತೀರಿಕೊಂಡ ವರ್ಷವೂ ಒಂದು. ಟೈಪ್ ಮಾಡುವಾಗ ಅದು ನನಗೆ ಹೊಳೆಯಲಿಲ್ಲ.

ಕಳೆದ ವರ್ಷ ಗಡಿಯಾರದ ತೊಂದರೆ ಬಂತಲ್ಲ, ನೆನಪಿದೆಯೇ. ಕರೆಂಟ್ ಹೋದಾಗಲೆಲ್ಲ ನಿಮ್ಮ ಕಂಪ್ಯೂಟರಿನ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತಿತ್ತು. ಒಳಗಿನ ಬೋರ್ಡಿನಲ್ಲಿರುವ ಗುಂಡಿಯಂಥ ಸೆಲ್ ಸತ್ತಿತ್ತು. ಬಾಳ್ಳುಪೇಟೆಯ ವಾಚ್ ಅಂಗಡಿಯಿಂದ ಒಂದು ತಂದು ಹಾಕಿದೆ. ತಾರೀಖು ನಿಂತಿತು.

“ನನ್ ತಲೆಗೂ ಅಂಥದ್ದೊಂದು ಹಾಕ್ಬುಡೋ,” ಎಂದಿರಿ. ಇಬ್ಬರೂ ನಕ್ಕೆವು. ಆಮೇಲೆ ನೀವು ಧ್ವನಿ ತಗ್ಗಿಸಿ, “ಅವ್ರು ಹೋದ ದಿನ ಒಂದ್ಸಲ ತೆಗಿ ಮಗ. ಆವತ್ತು ಒಂದ್ ಹನಿ ಬಿದ್ದಿಲ್ಲ. ಹದಿನೈದು ದಿನದಿಂದ ಹುಯ್ತಿದ್ದ ಮಳೆ ನಿಂತ್ಬುಡ್ತು ಕಣೋ. ಸೌದೆ ಚೆನ್ನಾಗಿ ಹತ್ಕೊಂಡ್ತು. ಮಾರನೇ ದಿನ ಎಂಟಕ್ಕೆ ಹೋಗಿ ನೋಡ್ತೀನಿ, ಡಬ್ಬಿ ಒಣಗೈತೆ. ನಾನ್ ಬರ್ದಿದ್ ಮೊದಲ್ನೇ ಅಂಕಿ ಸೊನ್ನೆ,” ಎಂದಿರಿ.

ತೆಗೆದೆ. ತೆಗೆಯದೆ ಇರಲು ದಾರಿ ಇರಲಿಲ್ಲ. ಆ ಮಾರನೇ ದಿನದ ಸಾಲಿನಲ್ಲಿ ಎರಡು ಇಂಚು ಹತ್ತು ಸೆಂಟ್.

ನೀವು ಪರದೆಗೆ ಹತ್ತಿರ ಬಗ್ಗಿದಿರಿ. ಬೆರಳಿಟ್ಟು ತಾರೀಖು ನೋಡಿದಿರಿ, ಮತ್ತೆ ಅಂಕಿ ನೋಡಿದಿರಿ. ನನ್ನ ಮೇಲೆ ಅನುಮಾನ ಬರಲಿ ಎಂದು ನಾನು ಕಾದೆ — ಬಂದಿದ್ದರೆ ಒಪ್ಪಿಕೊಳ್ಳುತ್ತಿದ್ದೆನೇನೋ, ಗೊತ್ತಿಲ್ಲ.

“ಹಂಗಾರೆ ನಂದೇ ಮರೆವು,” ಎಂದಿರಿ. “ಅವ್ರಿಗೋಸ್ಕರ ಮಳೆ ನಿಂತ್ಕೊಂಡ್ತು ಅಂತ ನಾನೇ ಮನ್ಸಲ್ಲಿ ಕಟ್ಕೊಂಡಿರ್ಬೇಕು.”

“ಹೋಗ್ಲಿ ಬಿಡಿ ದೊಡ್ಡಮ್ಮ, ಎಷ್ಟೋ ವರ್ಷ ಆಯ್ತಲ್ಲ.” ಹೀಗೆಂದವನು ನಾನು. ಅಳಿಸಿದ್ದು ಅಜಾಗ್ರತೆ, ತುಂಬಿದ್ದು ಮೋಸ. ಈ ಮಾತಿಗೆ — ಇದಕ್ಕೆ ನನ್ನ ಹತ್ತಿರ ಹೆಸರಿಲ್ಲ.

ಮೊನ್ನೆ ಮಂಜುಳ ಫೋನ್ ಮಾಡಿದಳು. “ಅಣ್ಣ, ಅಮ್ಮ ಈಗೀಗ ಏನ್ ಕೇಳಿದ್ರೂ ಕಂಪ್ಯೂಟರ್ ನೋಡಿ ಹೇಳ್ತೀನಿ ಅಂತಾಳೆ. ಬೆಳಗ್ಗೆ ಮಳೆ ಅಳ್ದು, ನೀನೂ ಒಂದ್ಸಲ ನೋಡು, ನನ್ ಕಣ್ಣು ತಲೆ ಎರಡೂ ಸರಿ ಇಲ್ಲ ಅಂತಾಳೆ. ಸೋಮವಾರ ಹಾಸನಕ್ಕೆ ಡಾಕ್ಟ್ರ ಹತ್ರ ಕರ್ಕೊಂಡ್ ಹೋಗ್ತಿದೀನಿ. ಮರೆವಿನ ಕಾಯಿಲೆ ಅಂತ ತಾನೇ ಹೇಳ್ಕೊಂಡ್ ಓಡಾಡ್ತಾಳೆ.”

ನಿಮಗೆ ಮರೆವಿಲ್ಲ ದೊಡ್ಡಮ್ಮ. ಆ ದಿನ ಮಳೆ ಬಿದ್ದದ್ದು ಆನೇಮಹಲಿನಲ್ಲಿ.

ಪತ್ರಿಕೆಯಲ್ಲಿ ತಪ್ಪಾದರೆ ಒಳಪುಟದ ಮೂಲೆಯಲ್ಲಿ ಎರಡು ಸಾಲಿನ ತಿದ್ದುಪಡಿ ಹಾಕಿ ಮುಗಿಸುತ್ತೇವೆ. ಇಲ್ಲಿ ಹಾಗೆ ಆಗುವುದಿಲ್ಲ. ಈ ವಾರ ಕೂತು, ನನ್ನ ಲ್ಯಾಪ್‌ಟಾಪಿನಲ್ಲಿ ಉಳಿದಿದ್ದ ಆ ಕಡತಗಳ ನಕಲಿನಿಂದ ನಾನು ತುಂಬಿದ ಪ್ರತಿ ಅಂಕಿಯನ್ನೂ ತೆಗೆದಿದ್ದೇನೆ. ನನ್ನ ಹಳೇ ವರದಿಗಳಲ್ಲಿ ನಿಮ್ಮ ಅಳತೆ ಎಂದು ಅಚ್ಚಾದ ನಲವತ್ತೊಂದು ದಿನ ಸಿಕ್ಕವು, ಅವನ್ನು ಹಾಕಿದ್ದೇನೆ. ಅಂಕಿ ತುಂಬುವ ಉಳಿದ ಚೌಕದ ಮನೆಗಳೆಲ್ಲ ಖಾಲಿ. ಅಷ್ಟು ಖಾಲಿ ಪುಟಗಳನ್ನು ನಿಮಗೆ ಹೇಗೆ ತೋರಿಸಲಿ ಎಂದು... ತೋರಿಸುತ್ತೇನೆ.

ನಿಮ್ಮ ಯಜಮಾನರು ಹೋದ ಮಾರನೇ ದಿನದ ಮನೆಯನ್ನೂ ಖಾಲಿ ಬಿಟ್ಟಿದ್ದೇನೆ. ಅಲ್ಲಿ ಏನು ಬರಬೇಕೆಂದು ಗೊತ್ತಿದ್ದರೂ ಬರೆಯಲಿಲ್ಲ. ಡಬ್ಬಿ ನೋಡಿದವರು ನೀವು.

ನಾಳೆ ಬೆಳಗ್ಗೆ ಬರುತ್ತೇನೆ. ಎಂಟಕ್ಕೆ ನೀವು ಅಳೆದು ಮುಗಿಸುವವರೆಗೆ ಅಂಗಳದಲ್ಲೇ ನಿಂತಿರುತ್ತೇನೆ. ಆಮೇಲೆ ಇದನ್ನು ನಿಮಗೂ ಮಂಜುಳಾಗೂ ಓದಿ ಹೇಳುತ್ತೇನೆ. ಓದಿದ ಮೇಲೂ ನನ್ನನ್ನು ಒಳಗೆ ಬಿಟ್ಟುಕೊಂಡರೆ, ತಿದ್ದಿದ ಕಡತಗಳನ್ನು ನಿಮ್ಮ ಕಂಪ್ಯೂಟರಿಗೆ ಹಾಕಿ, ಆ ತಾರೀಖನ್ನು ತೆರೆದು ಕೀಬೋರ್ಡನ್ನು ನಿಮ್ಮ ಕಡೆ ಸರಿಸುತ್ತೇನೆ. ಸೊನ್ನೆಯನ್ನು ನೀವೇ ಒತ್ತಿ ದೊಡ್ಡಮ್ಮ, ನಿಮ್ಮ ಆ ಒಂದೇ ಬೆರಳಿನಲ್ಲಿ.