ಯಾರೂ ಕರೆಯದ ಎಂಬತ್ತು ಸಾಲು

ಕಳೆದ ಸೋಮವಾರ, ಪರೀಕ್ಷೆಯ ರಿಸಲ್ಟ್ ತಯಾರಿಸುವ ಮಲ್ಲೇಶ್ವರದ ನಮ್ಮ ಕಂಪ್ಯೂಟರ್ ಸೆಂಟರಿಗೆ ಒಬ್ಬ ಹುಡುಗಿ ಬಂದಳು. ಕೈಯಲ್ಲಿ ಎರಡು ಕಾಗದ. ಮರುಎಣಿಕೆಯ ಪತ್ರದಲ್ಲಿ ಗಣಿತಕ್ಕೆ ನಲವತ್ತೊಂದು. ಆಮೇಲೆ ನಾವು ಪ್ರಿಂಟ್ ಮಾಡಿದ ಅಂಕಪಟ್ಟಿಯಲ್ಲಿ ಇಪ್ಪತ್ತೊಂದು. ಒಂದರಲ್ಲಿ ಪಾಸು, ಇನ್ನೊಂದರಲ್ಲಿ ಫೇಲು.

"ಇದ್ರಲ್ಲಿ ಯಾವ್ದು ನಿಜ ಮೇಡಂ?" ಅಂದಳು.

ಹೆಸರು ಶಾರದಾ. ಚಾಮರಾಜಪೇಟೆಯವಳು, ತಂದೆಗೆ ತರಕಾರಿ ವ್ಯಾಪಾರ. ನರ್ಸಿಂಗ್ ಸ್ಕೂಲಿನಲ್ಲಿ ಸೀಟು ಸಿಕ್ಕಿತ್ತು. ಪಾಸಾದ ಅಂಕಪಟ್ಟಿ ಕೊಡಲು ಹಿಂದಿನ ಶನಿವಾರವೇ ಕಡೆಯ ದಿನವಾಗಿತ್ತು.

ಪತ್ರ ನಿಜ. ಅಂಕಪಟ್ಟಿ ತಪ್ಪು. ಆ ತಪ್ಪು ನನ್ನದು.

ಈ ಬೇಸಿಗೆಯಲ್ಲಿ ನಮಗೆ ಹೊಸ ಮೆಷಿನ್ ಬಂತು. ಹಳೆಯ ರಿಸಲ್ಟ್ ಪ್ರೋಗ್ರಾಮಿನಲ್ಲಿ ಬೇಕಾದ್ದನ್ನು ಮಾತ್ರ ಅದಕ್ಕೆ ಸಾಗಿಸಬೇಕಿತ್ತು. ಓಡಿಸಿ ನೋಡೋಣವೆಂದರೆ ಮೆಷಿನ್ ಟೈಮ್ ಸಿಗದು (ಅಲ್ಲಿನ ಕ್ಯೂ ಸೀಮೆಎಣ್ಣೆ ಅಂಗಡಿಯದಕ್ಕಿಂತ ಉದ್ದ). ಹಾಗಾಗಿ ಪ್ರಿಂಟ್ ತೆಗೆದು, ಕಾಗದದ ಮೇಲೆ ಓದಿಯೇ ತೀರ್ಮಾನಿಸಬೇಕು.

ಓದುವುದು ಎಲ್ಲಿಂದ? ನಾನು ಮುಖ್ಯ ಪ್ರೋಗ್ರಾಮಿನ ಮೊದಲ ಸಾಲಿನಿಂದ ಶುರು ಮಾಡಿದೆ. ಅದು ಯಾವ ಭಾಗವನ್ನು ಕರೆಯುತ್ತದೆ, ಅಂದರೆ ಕೆಲಸಕ್ಕೆ ಹಚ್ಚುತ್ತದೆ, ಆ ಭಾಗ ಇನ್ಯಾವುದನ್ನು ಕರೆಯುತ್ತದೆ ಎಂದು ಹಿಂಬಾಲಿಸುತ್ತ ಹೋದೆ. ತಲುಪಿದಲ್ಲೆಲ್ಲ ಕೆಂಪು ಪೆನ್ಸಿಲಿನ ಟಿಕ್. ಮೂರು ವಾರದ ಮೇಲೆ ಟಿಕ್ ಇಲ್ಲದೆ ಎಂಬತ್ತು ಸಾಲು ಉಳಿದವು. ಯಾರೂ ಕರೆಯದ ಭಾಗ ಯಾಕೆ ಬೇಕು? ಹೊಡೆದು ಹಾಕಿದೆ. ಸಾಹೇಬರು ಹೊಗಳಿದರು. ನಾನೂ ಬೀಗಿದೆ, ಸುಳ್ಳೇಕೆ?

ಮರುಎಣಿಕೆಯ ಅಂಕಗಳನ್ನು ಪಟ್ಟಿಗೆ ಸೇರಿಸುತ್ತಿದ್ದದ್ದು ಆ ಎಂಬತ್ತು ಸಾಲುಗಳೇ.

ಅವನ್ನು ಕರೆಯುತ್ತಿದ್ದದ್ದು ಪ್ರೋಗ್ರಾಮು ಅಲ್ಲ, ನಮ್ಮ ಆಪರೇಟರ್ ಮುನಿಯಪ್ಪನವರು. ವರ್ಷಕ್ಕೊಮ್ಮೆ, ಬೀರುವಿನ ಬಾಗಿಲ ಒಳಗೆ ಅಂಟಿಸಿದ ಚೀಟಿ ನೋಡಿ, ಆ ಭಾಗದ ಹೆಸರನ್ನು ತಾವೇ ಟೈಪ್ ಮಾಡಿ ಓಡಿಸುತ್ತಿದ್ದರು. ಈ ವರ್ಷವೂ ಟೈಪ್ ಮಾಡಿದ್ದಾರೆ. ಅಂಥದ್ದೇನೂ ಇಲ್ಲವೆಂದು ಹೊಸ ಮೆಷಿನ್ ಉತ್ತರ ಕೊಟ್ಟಿದೆ.

"ಹೊಸ ಮೆಷಿನ್ ಅಲ್ವಾ, ತಾನೇ ಮಾಡ್ಕೊಳತ್ತೆ ಅನ್ಕೊಂಡೆ ಮೇಡಂ," ಅಂದರು. "ನೀವು ಅಷ್ಟು ದಿನ ಕೂತು ಓದಿ ತೆಗ್ದಿದ್ದೀರಿ. ನಿಮಗೆ ಗೊತ್ತಿಲ್ದೆ ಇರತ್ತಾ?"

ಈ ಮಾತಿನಿಂದ ಆದಷ್ಟು ನಾಚಿಕೆ ನನಗೆ ಯಾವ ಬೈಗುಳದಿಂದಲೂ ಆಗಿಲ್ಲ.

ಬಸವನಗುಡಿಯ ನಮ್ಮ ಮನೆಯಲ್ಲಿ ಮುಂದಿನ ಗೇಟಿನ ಹತ್ತಿರವೇ ಕೂತಿದ್ದರೆ, ಬೆಳಗಿನಿಂದ ಯಾರೂ ಬರಲಿಲ್ಲ ಅನ್ನಬಹುದು. ಹಿತ್ತಲ ಬಾಗಿಲಿನಿಂದ ಕೆಲಸದ ನಂಜಮ್ಮ ಬಂದು ಪಾತ್ರೆ ತೊಳೆದು ಹೋಗಿರುತ್ತಾಳೆ. ಓದಿದವರು ನಾವು, ನಾವು ಬಂದ ಬಾಗಿಲೊಂದೇ ಬಾಗಿಲು ಅಂದುಕೊಳ್ಳುತ್ತೇವೆ. ಆಫೀಸುಗಳಲ್ಲೂ ಇದೇ ಅಲ್ಲವೇ?

ಅವತ್ತೇ ಸರಿಯಾದ ಅಂಕಪಟ್ಟಿ ಪ್ರಿಂಟ್ ಮಾಡಿಸಿ, ಶಾರದಾಳ ಜೊತೆ ಆಟೋ ಹತ್ತಿ ನರ್ಸಿಂಗ್ ಸ್ಕೂಲಿಗೆ ಹೋದೆ. ತಪ್ಪು ನನ್ನದೆಂದು ಬರೆದುಕೊಟ್ಟೆ. ಸೀಟು ಬೆಳಿಗ್ಗೆಯೇ ಬೇರೆಯವರಿಗೆ ಹೋಗಿತ್ತು. "ಮುಂದಿನ ವರ್ಷ ಬಾಮ್ಮ," ಅಂದರು ಅಲ್ಲಿನ ಗುಮಾಸ್ತರು ಶಾರದಾಳಿಗೆ.

ಹೊರಗೆ ಬಂದ ಮೇಲೆ ಅವಳು ಕಾಗದಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಆಮೇಲೆ ಕೇಳಿದಳು: "ಆ ಸಾಲುಗಳನ್ನ ವಾಪಸ್ ಹಾಕ್ತೀರಲ್ವಾ ಮೇಡಂ?"

ಹಾಕಿದ್ದೇನೆ. ಈಗ ಪ್ರಿಂಟ್‌ಔಟ್ ಬಿಚ್ಚುವ ಮೊದಲು ಮುನಿಯಪ್ಪನವರ ಪಕ್ಕ ಕುರ್ಚಿ ಎಳೆದುಕೊಂಡು, ಕೈಯಾರೆ ಏನೇನು ಓಡಿಸುತ್ತೀರಿ ಎಂದು ಕೇಳಿ ಬರೆದುಕೊಳ್ಳುತ್ತೇನೆ. ನಿನ್ನೆ ಅಂಥ ಇನ್ನೂ ಮೂರು ಭಾಗಗಳ ಹೆಸರು ಹೇಳಿದರು.

ಆ ಮೂರು ವಾರವೂ ಅವರು ನನ್ನಿಂದ ಎರಡು ಮೇಜು ಆಚೆ ಕೂತಿದ್ದರು. ಒಂದು ಮಾತು ಯಾಕೆ ಕೇಳಲಿಲ್ಲ ನಾನು?